ವಾರ್ತಾ ಜಾಲತಾಣಗಳ ತಡೆಯೂ ಅದನ್ನು ಅಳೆಯುವ ಕ್ರಮವೂ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳನ್ನು ಲಕ್ಷಿಸಿ

೧. ವಿಷಯದ ಸ್ವರೂಪ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲೂಕುಗಳುಂಟು. ಹಳಿಯಾಳವು ಧಾರವಾಡದ ಕಡೆಯ ಬಯಲಿಗೆ ಹೊಂದಿಕೊಂಡ ಹಳೆಯ ಪೇಟೆ. ದಾಂಡೇಲಿಯು ಕಾಳೀ ನದಿಯ ದಂಡೆಯ ಮೇಲೆ ಕಾಗದದ ಕಾರಖಾನೆಯೊಡನೆ ಬೆಳೆದ ಊರು. ಸೂಪಾ ಪೇಟೆಯು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ತರುವಾಯ ಕೇಂದ್ರವನ್ನು ಪಡೆದ ಜೋಯಿಡಾ ತಾಲೂಕು ಗೋವೆಯ ಗಡಿಯವರೆಗೂ ಹಬ್ಬಿದ ಅಡವಿಯ ನಾಡು. ಮುಂಡಗೋಡದಲ್ಲಿ ೧೯೬೦ರ ದಶಕದಲ್ಲಿ ಏರ್ಪಟ್ಟ ಟಿಬೆಟನ್ನರ ವಸತಿಯೂ ಗಾಂಡೆನ್, ಡ್ರೆಪುಂಗ್ ಎಂಬ ಅವರ ಮಹಾಮಠಗಳೂ ಇವೆ. ಬೇರೆ ನಾಡುಗಳಂತೆ ಇಲ್ಲಿಯೂ ವರ್ತಮಾನವನ್ನು ತಿಳಿಯುವ ಸಾಧನವು ಕಾಗದದಿಂದ ಮೊಬೈಲಿನ ಕಡೆಗೆ ತಿರುಗಿರುವುದು.

ಮೊಬೈಲಿನಲ್ಲಿ ಒಂದು ವಾರ್ತಾ ಜಾಲತಾಣವು ತೆರೆಯದೆ ಹೋದರೆ ಅದಕ್ಕೆ ಕಾರಣಗಳು ಹಲವು. ಟವರಿನ ಬಲವು ಸಾಲದೆ ಇರಬಹುದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಿರಬಹುದು. ವಿದ್ಯುತ್ತು ಇಲ್ಲದೆ ಟವರೇ ನಿಂತಿರಬಹುದು. ಪತ್ರಿಕೆಯ ಯಂತ್ರವೇ ಕೆಟ್ಟಿರಬಹುದು. ಇವೆಲ್ಲವುಗಳ ಜೊತೆಗೆ ಇನ್ನೊಂದು ಕಾರಣವೂ ಉಂಟು: ಸರಕಾರವು ಆ ತಾಣವನ್ನು ತಡೆಯಬೇಕೆಂದು ಅಂತರಜಾಲದ ಸೇವಾದಾರರಿಗೆ ಆಜ್ಞೆ ಮಾಡಿರಬಹುದು. ಓದುವವನ ಕಣ್ಣಿಗೆ ಈ ಐದೂ ಒಂದೇ ಬಗೆಯಾಗಿ ತೋರುವುವು. ಆಜ್ಞೆಯು ಪ್ರಕಟವಾಗದೆ ಇರುವಾಗ, ಮಳೆಯ ಕೆಲಸ ಯಾವುದು, ಆಜ್ಞೆಯ ಕೆಲಸ ಯಾವುದು ಎಂಬುದನ್ನು ಬೇರ್ಪಡಿಸಲು ಅಳತೆಯಲ್ಲದೆ ಬೇರೆ ಉಪಾಯವಿಲ್ಲ. ಆ ಅಳತೆಯ ತತ್ತ್ವವೇನು, ಈವರೆಗೆ ಅದರಿಂದ ತಿಳಿದುಬಂದುದೇನು, ಮೇಲೆ ಹೇಳಿದ ನಾಲ್ಕು ತಾಲೂಕುಗಳಂಥ ಪ್ರದೇಶದಲ್ಲಿ ಅದನ್ನು ನಡೆಯಿಸುವ ಬಗೆ ಹೇಗೆ ಎಂಬ ಮೂರು ವಿಷಯಗಳು ಇಲ್ಲಿ ವಿಚಾರಿಸಲ್ಪಟ್ಟಿವೆ.

೨. ಕಾಯಿದೆಯ ಆಧಾರ

ಭಾರತದಲ್ಲಿ ಜಾಲತಾಣಗಳನ್ನು ತಡೆಯುವ ಮುಖ್ಯ ಅಧಿಕಾರವು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ಎ ಕಲಮಿನಿಂದ ಬಂದುದು. ೨೦೦೮ರ ತಿದ್ದುಪಡಿಯಿಂದ ಸೇರಿದ ಈ ಕಲಮು ೨೦೦೯ರ ಅಕ್ಟೋಬರ ೨೭ರಿಂದ ಜಾರಿಗೆ ಬಂದಿತು. ದೇಶದ ಸಾರ್ವಭೌಮತ್ವ, ರಕ್ಷಣೆ, ಪರರಾಜ್ಯಗಳೊಡನೆ ಮೈತ್ರಿ, ಸಾರ್ವಜನಿಕ ಶಾಂತಿ ಮೊದಲಾದ ಕೆಲವೇ ಕಾರಣಗಳಿಗಾಗಿ, ಆ ಕಾರಣಗಳನ್ನು ಲಿಖಿತವಾಗಿ ಕಾಣಿಸಿ, ಕೇಂದ್ರ ಸರಕಾರವು ತಡೆಯ ಆಜ್ಞೆಯನ್ನು ಮಾಡಬಹುದು. ಇದಕ್ಕಾಗಿ ರಚಿತವಾದ ೨೦೦೯ರ ನಿಯಮಗಳಲ್ಲಿ, ಸಂಬಂಧಪಟ್ಟವನಿಗೆ ತಿಳಿವಳಿಕೆ ಕೊಟ್ಟು ಉತ್ತರಕ್ಕೆ ೪೮ ಗಂಟೆಗಳಿಗೆ ಕಡಿಮೆಯಿಲ್ಲದ ಅವಕಾಶ ಕೊಡಬೇಕೆಂದು ಎಂಟನೆಯ ನಿಯಮವೂ, ತುರ್ತಿನ ಪ್ರಸಂಗದಲ್ಲಿ ವಿಚಾರಣೆಯಿಲ್ಲದೆಯೇ ತಾತ್ಕಾಲಿಕ ಆಜ್ಞೆ ಮಾಡಬಹುದೆಂದು ಒಂಬತ್ತನೆಯ ನಿಯಮವೂ, ದೂರು ಮತ್ತು ಅದರ ಮೇಲೆ ನಡೆದ ಕ್ರಮಗಳನ್ನು ಕಟ್ಟುನಿಟ್ಟಾಗಿ ಗುಪ್ತವಾಗಿಡಬೇಕೆಂದು ಹದಿನಾರನೆಯ ನಿಯಮವೂ ವಿಧಿಸುತ್ತವೆ. ೨೦೨೧ರ ನಿಯಮಗಳಿಂದ ಅಂತರಜಾಲದ ವಾರ್ತಾಸಂಸ್ಥೆಗಳ ವಿಷಯದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೂ ಇಂಥ ಅಧಿಕಾರವು ದೊರೆಯಿತು.

೨೦೧೫ರ ಮಾರ್ಚ ೨೪ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ಕಾಯಿದೆಯ ೬೬ಎ ಕಲಮನ್ನು ರದ್ದುಮಾಡಿ ೬೯ಎ ಕಲಮನ್ನು ಉಳಿಸಿಕೊಂಡಿತು. ಆಜ್ಞೆಗೆ ಲಿಖಿತ ಕಾರಣಗಳು ಇರಬೇಕೆಂಬುದೂ, ಅವುಗಳನ್ನು ಮುಂದಿಟ್ಟುಕೊಂಡು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲು ಬರುವುದೆಂಬುದೂ ಆ ತೀರ್ಪಿನ ಆಧಾರಗಳಲ್ಲಿ ಸೇರಿದ್ದುವು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಟ್ವಿಟ್ಟರ್ ಸಂಸ್ಥೆಯು ಇಂಥ ಆಜ್ಞೆಗಳನ್ನು ಪ್ರಶ್ನಿಸಿ ಹೂಡಿದ ಅರ್ಜಿಯು ೨೦೨೩ರ ಜೂನ್ ೩೦ರಂದು ೫೦ ಲಕ್ಷ ರೂಪಾಯಿಗಳ ದಂಡವೆಚ್ಚದೊಡನೆ ತಿರಸ್ಕೃತವಾಯಿತು. ಅಲ್ಲಿ ವಾದ ಮಾಡಿದ್ದು ಆಜ್ಞೆಯ ಪ್ರತಿಯನ್ನು ಕೈಯಲ್ಲಿ ಹಿಡಿದಿದ್ದ ಒಂದು ದೊಡ್ಡ ಸಂಸ್ಥೆ ಎಂಬುದನ್ನು ನೆನೆಯಬೇಕು. ಊರಿನಲ್ಲಿ ಕುಳಿತು ಓದುವವನ ಕೈಗೆ ಆ ಪ್ರತಿಯು ಬರುವುದಿಲ್ಲ.

ಹಿಂದಿನ ಕಾಲದ ಮುದ್ರಣ ನಿರ್ಬಂಧಗಳೊಡನೆ ಹೋಲಿಸಿದರೆ ಈ ಗೌಪ್ಯದ ವಿಶೇಷವು ಚೆನ್ನಾಗಿ ಗೊತ್ತಾಗುವುದು. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಜಾರಿಯಲ್ಲಿದ್ದ ೧೯೧೦ರ ಮುದ್ರಣಾಲಯ ಕಾಯಿದೆಯು ಕಠಿನವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೂ ಅದರ ಮೇರೆಗೆ ಒಂದು ಪತ್ರಿಕೆಯನ್ನೋ ಪುಸ್ತಕವನ್ನೋ ಜಪ್ತು ಮಾಡಬೇಕಾದರೆ ಸರಕಾರವು ತನ್ನ ಅಭಿಪ್ರಾಯದ ಕಾರಣಗಳನ್ನು ಹೇಳಿ ಗ್ಯಾಜೆಟ್ಟಿನಲ್ಲಿ ಪ್ರಕಟಣೆ ಕೊಡಬೇಕಾಗಿತ್ತು. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೯೫ನೆಯ ಕಲಮೂ, ಅದರ ಸ್ಥಾನದಲ್ಲಿ ಬಂದ ೨೦೨೩ರ ನಾಗರಿಕ ಸುರಕ್ಷಾ ಸಂಹಿತೆಯ ೯೮ನೆಯ ಕಲಮೂ ಅದೇ ಪದ್ಧತಿಯನ್ನು ಉಳಿಸಿಕೊಂಡಿವೆ. ಪ್ರಕಟಣೆಯ ದಿನದಿಂದ ಎರಡು ತಿಂಗಳೊಳಗೆ ಆ ಗ್ರಂಥದಲ್ಲಿ ಹಿತಾಸಕ್ತಿಯುಳ್ಳವನು ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಅಂತರಜಾಲವನ್ನೇ ಪೂರ್ತಿಯಾಗಿ ನಿಲ್ಲಿಸುವ ಆಜ್ಞೆಗಳನ್ನು ಕೂಡ ಪ್ರಕಟಿಸಬೇಕೆಂದು ೨೦೨೦ರ ಜನವರಿ ೧೦ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಹೀಗೆ ಪುಸ್ತಕದ ಜಪ್ತಿಗೆ ಪ್ರಕಟಣೆಯುಂಟು, ಜಾಲದ ಸ್ತಂಭನಕ್ಕೆ ಪ್ರಕಟಣೆಯುಂಟು. ಒಂದೊಂದು ತಾಣದ ತಡೆಗೆ ಮಾತ್ರ ಗೌಪ್ಯವು ನಿಯಮವಾಗಿದೆ.

೬೯ಎ ಕಲಮಿನ ಮೇರೆಗೆ ತಡೆಯಲ್ಪಟ್ಟ ವಿಳಾಸಗಳು ೨೦೧೪ರಲ್ಲಿ ೪೭೧ ಆಗಿದ್ದು ೨೦೨೦ರಲ್ಲಿ ೯,೮೪೯ ಆದುವೆಂದು ಸರಕಾರವು ಪಾರ್ಲಿಮೆಂಟಿಗೆ ತಿಳಿಸಿತು. ಈ ಲೆಕ್ಕದಲ್ಲಿ ಸಾಮಾಜಿಕ ಜಾಲಗಳ ಪುಟಗಳೂ ಸೇರಿವೆ. ವಾರ್ತಾಪತ್ರಿಕೆಗಳು ಎಷ್ಟು, ಅವು ಯಾವುವು ಎಂಬುದು ಒಟ್ಟು ಸಂಖ್ಯೆಯಿಂದ ಹೊರಡುವುದಿಲ್ಲ.

೩. ಪೂರ್ವವೃತ್ತಾಂತ

ತಡೆಯ ಆಜ್ಞೆಯು ಒಂದು, ಅದರ ಫಲವು ಮತ್ತೊಂದು ಎಂಬುದಕ್ಕೆ ಹಳೆಯ ದೃಷ್ಟಾಂತಗಳಿವೆ. ೨೦೦೩ರಲ್ಲಿ ಮೇಘಾಲಯಕ್ಕೆ ಸಂಬಂಧಿಸಿದ ಒಂದೇ ಒಂದು ಯಾಹೂ ಚರ್ಚಾಕೂಟವನ್ನು ತಡೆಯಬೇಕೆಂದು ಆಜ್ಞೆಯಾಗಲು, ಸೇವಾದಾರರು ಯಾಹೂವಿನ ಎಲ್ಲ ಕೂಟಗಳನ್ನೂ ಮುಚ್ಚಿಬಿಟ್ಟರು. ೨೦೦೬ರ ಜುಲೈಯಲ್ಲಿ ಬ್ಲಾಗ್‌ಸ್ಪಾಟಿನ ಕೆಲವು ಪುಟಗಳಿಗಾಗಿ ಬ್ಲಾಗ್‌ಸ್ಪಾಟೇ ಹಲವು ಸೇವಾದಾರರ ಗ್ರಾಹಕರಿಗೆ ಇಲ್ಲವಾಯಿತು. ೨೦೧೪ರ ಡಿಸೆಂಬರದಲ್ಲಿ ೩೨ ತಾಣಗಳ ಮೇಲೆ ಆಜ್ಞೆಯು ಹೊರಟು, ಗಿಟ್‌ಹಬ್, ಇಂಟರ್‌ನೆಟ್ ಆರ್ಕೈವ್ ಮೊದಲಾದವು ಕೆಲವರಿಗೆ ಮುಚ್ಚಿಯೂ ಕೆಲವರಿಗೆ ತೆರೆದೂ ಇದ್ದುವು.

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ದೃಷ್ಟಾಂತವು ೨೦೧೨ರದು. ಆ ವರ್ಷದ ಆಗಸ್ಟದಲ್ಲಿ ಸುಳ್ಳು ವದಂತಿಗಳಿಂದ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರನ್ನು ಬಿಟ್ಟು ರೈಲುಗಳಲ್ಲಿ ಹೊರಟುಹೋದರು. ಆ ಸಂದರ್ಭದಲ್ಲಿ ಹೊರಟ ತಡೆಯ ಆಜ್ಞೆಗಳು ಬಹಿರಂಗಕ್ಕೆ ಬರಲು, ಬೆಂಗಳೂರಿನ ಅಂತರಜಾಲ ಮತ್ತು ಸಮಾಜ ಕೇಂದ್ರದ ಪ್ರಣೇಶ ಪ್ರಕಾಶರು ಅವುಗಳನ್ನು ಪರಿಶೀಲಿಸಿದರು. ಪಟ್ಟಿಯಲ್ಲಿ ೩೦೯ ಬಾಬುಗಳಿದ್ದುವು. ಅವುಗಳಲ್ಲಿ ಕೆಲವು ಜಾಲದ ವಿಳಾಸಗಳೇ ಆಗಿರಲಿಲ್ಲ. ಇನ್ನು ಕೆಲವು ವದಂತಿಯನ್ನು ಹಬ್ಬಿಸುವ ಪುಟಗಳಾಗಿರದೆ ಅದು ಸುಳ್ಳೆಂದು ತೋರಿಸಿಕೊಡುವ ಪುಟಗಳಾಗಿದ್ದುವು. ಪಟ್ಟಿಯು ಕೈಗೆ ಸಿಕ್ಕಿದ್ದರಿಂದಲೇ ಈ ದೋಷಗಳು ತಿಳಿದುಬಂದುವೆಂಬುದು ಗಮನಾರ್ಹ.

೪. ತಡೆಯುವ ಬಗೆಗಳು

ಅಳತೆಯನ್ನು ಅರಿಯಬೇಕಾದರೆ ಮೊದಲು ತಡೆಯ ಕೆಲಸ ಹೇಗೆ ನಡೆಯುವುದೆಂಬುದನ್ನು ಅರಿಯಬೇಕು. ಓದುವವನು ಒಂದು ಪತ್ರಿಕೆಯ ಹೆಸರನ್ನು ಮೊಬೈಲಿನಲ್ಲಿ ಬರೆದಾಗ ಮೂರು ಮೆಟ್ಟಿಲುಗಳು ನಡೆಯುತ್ತವೆ. ಮೊದಲು ಆ ಹೆಸರಿಗೆ ಸಂಖ್ಯಾರೂಪವಾದ ವಿಳಾಸವು ಯಾವುದೆಂದು ಮೊಬೈಲು ಸೇವಾದಾರನ ಡಿಎನ್‌ಎಸ್ ಎಂಬ ಹೆಸರಿನ ಕೋಶವನ್ನು ಕೇಳುವುದು. ಎರಡನೆಯದಾಗಿ ಆ ಐಪಿ ವಿಳಾಸದ ಯಂತ್ರದೊಡನೆ ಸಂಪರ್ಕ ಬೆಳೆಯುವುದು. ಮೂರನೆಯದಾಗಿ ಇಂಥ ತಾಣದ ಇಂಥ ಪುಟ ಬೇಕೆಂಬ ಬೇಡಿಕೆ ಹೋಗಿ ಪುಟವು ಬರುವುದು. ಅಂಚೆಯ ದೃಷ್ಟಾಂತದಿಂದ ಹೇಳುವುದಾದರೆ, ಮನೆಯ ನಂಬರನ್ನು ವಿಚಾರಿಸುವುದು, ಬಾಗಿಲನ್ನು ತಟ್ಟುವುದು, ಬಂದ ಕಾರ್ಯವನ್ನು ಹೇಳುವುದು ಎಂಬಂತೆ ಇವು ಇರುತ್ತವೆ. ಈ ಮೂರರಲ್ಲಿ ಯಾವ ಮೆಟ್ಟಿಲಿನಲ್ಲಿಯಾದರೂ ತಡೆಯನ್ನು ಒಡ್ಡಬಹುದು.

ಮೊದಲನೆಯ ಬಗೆಯಲ್ಲಿ ಹೆಸರಿನ ಕೋಶವು ಸುಳ್ಳು ವಿಳಾಸವನ್ನು ಹೇಳುವುದು, ಇಲ್ಲವೆ ಅಂಥ ಹೆಸರೇ ಇಲ್ಲವೆನ್ನುವುದು. ಎರಡನೆಯದರಲ್ಲಿ ಐಪಿ ವಿಳಾಸಕ್ಕೆ ಹೋಗುವ ದಾರಿಯನ್ನೇ ಕಡಿಯುವರು. ಒಂದೇ ವಿಳಾಸದಲ್ಲಿ ನೂರಾರು ತಾಣಗಳು ನೆಲೆಸಿರುವುದರಿಂದ ಈ ಬಗೆಯಲ್ಲಿ ನಿರಪರಾಧಿಗಳಿಗೂ ಪೆಟ್ಟು ಬೀಳುವುದು. ಮೂರನೆಯದರಲ್ಲಿ ಮಾರ್ಗದ ನಡುವೆ ಇರಿಸಿದ ಯಂತ್ರವು, ಗುಪ್ತಲಿಪಿಯಿಲ್ಲದ ಎಚ್‌ಟಿಟಿಪಿ ಬೇಡಿಕೆಯೊಳಗಣ ತಾಣದ ಹೆಸರನ್ನು ಓದಿ, ಪುಟದ ಬದಲಾಗಿ ತಡೆಯ ಸೂಚನೆಯನ್ನು ಕಳುಹಿಸುವುದು. ನಾಲ್ಕನೆಯದು ಎಚ್‌ಟಿಟಿಪಿಎಸ್ ಎಂಬ ಗುಪ್ತ ಸಂಪರ್ಕಕ್ಕೆ ಸಂಬಂಧಿಸಿದುದು. ಅಲ್ಲಿ ಬೇಡಿಕೆಯು ಗುಪ್ತವಾಗಿದ್ದರೂ, ಸಂಪರ್ಕದ ಆರಂಭದಲ್ಲಿ ಎಸ್‌ಎನ್‌ಐ ಎಂಬ ಜಾಗದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುವುದು. ನಡುವಣ ಯಂತ್ರವು ಅದನ್ನು ಕಂಡು ಸಂಪರ್ಕವನ್ನು ಮುರಿಯುವುದು.

ಇದರಿಂದ ಎರಡು ಮುಖ್ಯ ಪರಿಣಾಮಗಳು ಹುಟ್ಟುತ್ತವೆ. ಗುಪ್ತ ಸಂಪರ್ಕದಲ್ಲಿ ಸೇವಾದಾರನಿಗೆ ಕಾಣುವುದು ತಾಣದ ಹೆಸರು ಮಾತ್ರ, ಪುಟದ ಹೆಸರಲ್ಲ. ಆದುದರಿಂದ ಒಂದು ಲೇಖನದ ಮೇಲೆ ಆಕ್ಷೇಪವಿದ್ದರೂ ಸೇವಾದಾರನ ಮೂಲಕ ತಡೆಯುವುದಾದರೆ ಪತ್ರಿಕೆಯನ್ನೇ ಪೂರ್ತಿಯಾಗಿ ತಡೆಯಬೇಕಾಗುವುದು. ಎರಡನೆಯದಾಗಿ, ಗುಪ್ತ ಸಂಪರ್ಕದ ನಡುವೆ ಸರಕಾರದ ಸೂಚನೆಯನ್ನು ತೋರಿಸಲು ಬರುವುದಿಲ್ಲ. ಓದುವವನಿಗೆ ಸಂಪರ್ಕ ಮುರಿಯಿತೆಂಬ ಒಂದು ಬರಿಯ ದೋಷವಾಕ್ಯವಷ್ಟೇ ಕಾಣುವುದು. ತಂತಿಯ ದೋಷದಲ್ಲಿಯೂ ಹೆಚ್ಚುಕಡಿಮೆ ಅಂಥದೇ ವಾಕ್ಯವು ಕಾಣುವುದರಿಂದ ಸಂದೇಹಕ್ಕೆ ಇದೇ ಮೂಲವಾಗಿದೆ.

೫. ಅಳತೆಯ ತತ್ತ್ವ

ಅಳತೆಯ ಮೂಲತತ್ತ್ವವು ತುಲನೆ. ಒಂದೇ ಹೊತ್ತಿಗೆ ಒಂದೇ ತಾಣವನ್ನು ಪರೀಕ್ಷಿಸಬೇಕಾದ ಜಾಲದಿಂದಲೂ, ತಡೆಯಿಲ್ಲದ ಬೇರೊಂದು ಜಾಲದಿಂದಲೂ ಕೇಳಿ, ಎರಡು ಉತ್ತರಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ೨೦೧೨ರಲ್ಲಿ ಆರಂಭವಾದ ಊನಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಈ ಕೆಲಸಕ್ಕಾಗಿ ಒಂದು ಉಚಿತ ಸಾಧನವನ್ನು ಮಾಡಿ, ಲೋಕದ ಸ್ವಯಂಸೇವಕರ ಮೊಬೈಲುಗಳಿಂದ ಬಂದ ಫಲಗಳನ್ನು ಬಹಿರಂಗವಾಗಿ ಪ್ರಕಟಿಸುತ್ತಿದೆ. ಆ ಸಾಧನವು ಹೆಸರಿಗೆ ದೊರೆತ ವಿಳಾಸ, ಸಂಪರ್ಕದ ಸಿದ್ಧಿ, ಪುಟದ ಉದ್ದ, ತಲೆಬರಹ ಮೊದಲಾದವುಗಳನ್ನು ತುಲನೆ ಮಾಡುವುದು. ವ್ಯತ್ಯಾಸ ಕಂಡರೆ ಅದನ್ನು ‘ಅಸಂಗತಿ’ ಎಂದಷ್ಟೇ ಬರೆದಿಡುವುದು. ಗೊತ್ತಾದ ತಡೆಯ ಸೂಚನೆಯೇ ಮೊದಲಾದ ನಿಸ್ಸಂದೇಹವಾದ ಗುರುತು ಸಿಕ್ಕಿದರೆ ಮಾತ್ರ ‘ದೃಢ’ ಎನ್ನುವುದು. ಈ ಎರಡು ಪದಗಳ ಅಂತರವನ್ನು ಮರೆತವರು ಪ್ರತಿಯೊಂದು ಅಸಂಗತಿಯನ್ನೂ ಸರಕಾರದ ಆಜ್ಞೆಯೆಂದು ಭಾವಿಸಿ ಮೋಸಹೋಗುವರು.

ಮೋಸಕ್ಕೆ ಆಸ್ಪದವು ನಿಜವಾಗಿಯೂ ಇದೆ. ದೊಡ್ಡ ತಾಣಗಳು ತಮ್ಮ ಪುಟಗಳ ಪ್ರತಿಗಳನ್ನು ಲೋಕದ ಹಲವು ಊರುಗಳಲ್ಲಿ ಇರಿಸಿರುವುದರಿಂದ, ಬೆಂಗಳೂರಿನಲ್ಲಿ ಕೇಳಿದರೆ ಒಂದು ವಿಳಾಸವೂ ಅಮೇರಿಕೆಯಲ್ಲಿ ಕೇಳಿದರೆ ಬೇರೊಂದು ವಿಳಾಸವೂ ಬರುವುದು. ಎರಡೂ ಸತ್ಯವಾದ ವಿಳಾಸಗಳೇ. ೨೦೧೮ರಲ್ಲಿ ದಿಲ್ಲಿಯ ಇಂದ್ರಪ್ರಸ್ಥ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಒಂಬತ್ತು ಸೇವಾದಾರರ ಜಾಲಗಳಲ್ಲಿ ಸುಮಾರು ೧,೨೦೦ ತಾಣಗಳನ್ನು ಪರೀಕ್ಷಿಸಿ, ಯಂತ್ರದ ತೀರ್ಮಾನವನ್ನೇ ನಂಬಿದರೆ ಇಲ್ಲದ ತಡೆಯು ಕಾಣುವುದೂ ಇದ್ದ ತಡೆಯು ಕಾಣದಿರುವುದೂ ಸಂಭವಿಸುವುದೆಂದು ತೋರಿಸಿದರು. ಅವರೇ ಇನ್ನೊಂದು ಸಂಗತಿಯನ್ನೂ ಕಂಡುಹಿಡಿದರು. ತಾನಾಗಿ ತಡೆಯದ ಸೇವಾದಾರನ ಗ್ರಾಹಕನಿಗೂ, ಅವನ ಬೇಡಿಕೆಯು ಮತ್ತೊಬ್ಬ ದೊಡ್ಡ ಸೇವಾದಾರನ ಜಾಲವನ್ನು ಹಾಯ್ದು ಹೋಗುವಾಗ, ಅಲ್ಲಿನ ಯಂತ್ರದಿಂದ ತಡೆಯು ಒದಗುವುದು.

ದೋಷಗಳನ್ನು ನಿವಾರಿಸುವ ಉಪಾಯಗಳು ಸರಳವಾದುವೇ. ಹೆಸರಿನ ಕೋಶವು ಕೊಟ್ಟ ವಿಳಾಸವು ನಿಜವೋ ಸುಳ್ಳೋ ಎಂಬ ಸಂದೇಹವಿದ್ದರೆ, ಆ ವಿಳಾಸದ ಯಂತ್ರದಿಂದ ತಾಣದ ಹೆಸರಿನ ಪ್ರಮಾಣಪತ್ರವನ್ನು ಕೇಳಬೇಕು. ಸರಿಯಾದ ಪ್ರಮಾಣಪತ್ರವನ್ನು ತೋರಿಸಿದರೆ ವಿಳಾಸವು ಬೇರೆಯಾದರೂ ನಿಜವಾದುದೇ. ಎಸ್‌ಎನ್‌ಐ ತಡೆಯ ಸಂದೇಹವಿದ್ದರೆ, ಆಕ್ಷೇಪಕ್ಕೆ ಒಳಗಾಗದ ಒಂದು ಯಂತ್ರದೊಡನೆ ಎರಡು ಬಾರಿ ಸಂಪರ್ಕ ಬೆಳೆಯಿಸಬೇಕು: ಒಮ್ಮೆ ಅದರ ಸ್ವಂತ ಹೆಸರಿನಿಂದ, ಮತ್ತೊಮ್ಮೆ ಸಂದಿಗ್ಧವಾದ ತಾಣದ ಹೆಸರಿನಿಂದ. ಮೊದಲನೆಯದು ನಿಂತು ಎರಡನೆಯದು ಪ್ರತಿಸಲವೂ ಮುರಿದರೆ, ಮುರಿಯುತ್ತಿರುವುದು ತಂತಿಯ ದೋಷದಿಂದಲ್ಲ, ಹೆಸರಿನ ದೆಸೆಯಿಂದ ಎಂಬುದು ಸಿದ್ಧವಾಗುವುದು. ಮಳೆಗೆ ಹೆಸರುಗಳ ಭೇದ ತಿಳಿಯದಷ್ಟೆ.

ಈ ರೀತಿಯಲ್ಲಿ ಭಾರತದಲ್ಲಿ ನಡೆದ ವಿಸ್ತಾರವಾದ ಪರೀಕ್ಷೆಯು ೨೦೨೦ರಲ್ಲಿ ಪ್ರಕಟವಾಯಿತು. ಕುಶಾಗ್ರ ಸಿಂಗ್, ಗುರ್ಶಾಬಾದ್ ಗ್ರೋವರ್, ವರುಣ್ ಬನ್ಸಲ್ ಎಂಬ ಮೂವರು, ನ್ಯಾಯಾಲಯಗಳ ಆಜ್ಞೆಗಳು, ಬಹಿರಂಗಕ್ಕೆ ಬಂದ ಸರಕಾರಿ ಆಜ್ಞೆಗಳು, ಗ್ರಾಹಕರ ದೂರುಗಳು ಇವುಗಳಿಂದ ೪,೩೭೯ ತಾಣಗಳ ಪಟ್ಟಿಯನ್ನು ಮಾಡಿ, ಏಸಿಟಿ, ಏರ್‌ಟೆಲ್, ಬಿಎಸ್‌ಎನ್‌ಎಲ್, ಜಿಯೋ, ಎಂಟಿಎನ್‌ಎಲ್, ವೊಡಾಫೋನ್ ಎಂಬ ಆರು ಸೇವಾದಾರರ ಜಾಲಗಳಲ್ಲಿ ಪರೀಕ್ಷಿಸಿದರು. ಇವು ಒಟ್ಟಾಗಿ ದೇಶದ ಗ್ರಾಹಕರಲ್ಲಿ ನೂರಕ್ಕೆ ೯೮ಕ್ಕಿಂತ ಹೆಚ್ಚು ಜನರಿಗೆ ಸೇವೆ ಕೊಡುತ್ತಿದ್ದುವು. ಒಂದಾದರೂ ಜಾಲದಲ್ಲಿ ತಡೆಗೆ ಸಿಕ್ಕ ತಾಣಗಳು ೪,೦೩೩. ಆರರಲ್ಲಿಯೂ ತಡೆಗೆ ಸಿಕ್ಕವು ೧,೧೧೫ ಮಾತ್ರ, ಅಂದರೆ ನೂರಕ್ಕೆ ಸುಮಾರು ೨೮. ಉಳಿದ ೨,೯೧೮ ತಾಣಗಳು ಒಬ್ಬ ಸೇವಾದಾರನಲ್ಲಿ ಮುಚ್ಚಿ ಮತ್ತೊಬ್ಬನಲ್ಲಿ ತೆರೆದಿದ್ದುವು. ತಡೆಯುವ ಬಗೆಯೂ ಒಬ್ಬೊಬ್ಬನದು ಒಂದೊಂದಾಗಿತ್ತು; ಜಿಯೋ ಜಾಲದಲ್ಲಿ ಎಸ್‌ಎನ್‌ಐ ನೋಡಿ ತಡೆಯುವುದು ಕಂಡುಬಂದಿತು. ಪಟ್ಟಿಯಲ್ಲಿ ಎಲ್ಲ ತರದ ತಾಣಗಳೂ ಇದ್ದುವೆಂಬುದನ್ನು ಇಲ್ಲಿ ನೆನಪಿಡಬೇಕು. ಈ ಸಂಖ್ಯೆಗಳು ಪತ್ರಿಕೆಗಳವಲ್ಲ.

ಚೀನಾ ದೇಶದ ತಡೆಯೊಡನೆ ಇದನ್ನು ಹೋಲಿಸಬಹುದು. ಅಲ್ಲಿ ದೇಶದ ಜಾಲವು ಹೊರಲೋಕಕ್ಕೆ ತೆರೆಯುವ ಎಡೆಗಳಲ್ಲಿಯೇ ತಡೆಯು ಹೆಚ್ಚಾಗಿ ನಡೆಯುವುದು. ಭಾರತದಲ್ಲಿ ಆಜ್ಞೆಯು ಕೇಂದ್ರದಿಂದ ಹೊರಟರೂ ಅದನ್ನು ನಡೆಯಿಸುವವರು ಪ್ರತ್ಯೇಕ ಸೇವಾದಾರರು. ಆದುದರಿಂದ ಒಂದು ಜಾಲದಲ್ಲಿ ಮಾಡಿದ ಅಳತೆಯಿಂದ ‘ಭಾರತದಲ್ಲಿ ತಡೆಯಲಾಗಿದೆ’ ಎಂದಾಗಲಿ ‘ತಡೆಯಿಲ್ಲ’ ಎಂದಾಗಲಿ ಹೇಳುವುದು ಯುಕ್ತವಲ್ಲ.

೬. ವಾರ್ತಾಪತ್ರಿಕೆಗಳ ಎರಡು ಪ್ರಸಂಗಗಳು

೨೦೨೫ರ ಫೆಬ್ರುವರಿ ೧೫ರಂದು ತಮಿಳಿನ ವಿಕಟನ್ ಪತ್ರಿಕೆಯ ತಾಣವು ಅನೇಕ ಓದುಗರಿಗೆ ತೆರೆಯದಂತಾಯಿತು. ಪ್ರಧಾನಮಂತ್ರಿಗಳು ಕೈಗೆ ಬೇಡಿ ಹಾಕಿಸಿಕೊಂಡು ಅಮೇರಿಕೆಯ ಅಧ್ಯಕ್ಷರ ಬಳಿ ಕುಳಿತಂತೆ ಬರೆದ ಒಂದು ವ್ಯಂಗ್ಯಚಿತ್ರದ ಮೇಲೆ ಅದಕ್ಕೆ ಮುಂಚೆ ದೂರು ಹೋಗಿತ್ತು. ತಾಣವು ಮುಚ್ಚಿದ ಹೊತ್ತಿಗೆ ಪತ್ರಿಕೆಯ ಕೈಗೆ ಯಾವ ಆಜ್ಞೆಯೂ ಬಂದಿರಲಿಲ್ಲ. ಮಂತ್ರಾಲಯದ ತಿಳಿವಳಿಕೆಯು ಆ ಮೇಲೆ ಬಂದಿತು. ಆ ವ್ಯಂಗ್ಯಚಿತ್ರದ ಪುಟವನ್ನು ತಾತ್ಕಾಲಿಕವಾಗಿ ತೆಗೆದರೆ ತಾಣವನ್ನು ತೆರೆಯಬೇಕೆಂದು ಮಾರ್ಚ ೬ರಂದು ಮದ್ರಾಸು ಉಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಅದೇ ವರ್ಷದ ಮೇ ೯ರಂದು, ಭಾರತ ಪಾಕಿಸ್ತಾನಗಳ ಸೈನಿಕ ಘರ್ಷಣೆಯ ಕಾಲದಲ್ಲಿ, ‘ದಿ ವೈರ್’ ಎಂಬ ತಾಣವೂ ತಡೆಗೆ ಒಳಗಾಯಿತು. ಮಾಹಿತಿ ತಂತ್ರಜ್ಞಾನ ಮಂತ್ರಾಲಯದ ಆಜ್ಞೆಯೆಂಬುದು ಸೇವಾದಾರರ ಮೂಲಕ ತಿಳಿದುಬಂದಿತು. ಆಕ್ಷೇಪವು ಒಂದು ಲೇಖನಕ್ಕೆ ಸಂಬಂಧಿಸಿದುದಾಗಿತ್ತು; ಅದನ್ನು ತೆಗೆದ ಬಳಿಕ ತಾಣವು ಮರಳಿ ತೆರೆಯಿತು.

ಎರಡೂ ಪ್ರಸಂಗಗಳಲ್ಲಿ ಆಕ್ಷೇಪವು ಒಂದು ಪುಟದ ಮೇಲೆ, ತಡೆಯು ಪತ್ರಿಕೆಯ ಮೇಲೆ. ಇದಕ್ಕೆ ಯಂತ್ರಶಾಸ್ತ್ರದ ಕಾರಣವನ್ನು ನಾಲ್ಕನೆಯ ಭಾಗದಲ್ಲಿ ಹೇಳಿದೆ. ಎರಡರಲ್ಲಿಯೂ ಸುದ್ದಿಯನ್ನು ಮೊದಲು ತಂದುದು ಓದುಗರ ಅನುಭವ. ಇವು ಹೆಸರಾದ ಪತ್ರಿಕೆಗಳಾಗಿದ್ದುದರಿಂದ ಅಂದಂದೇ ವಿಚಾರಣೆ ನಡೆಯಿತು. ಒಂದೆರಡು ತಾಲೂಕುಗಳಲ್ಲಿ ಓದುಗರನ್ನುಳ್ಳ ಸಣ್ಣ ಪತ್ರಿಕೆಗೆ ಇಂಥ ಗತಿ ಒದಗಿದರೆ, ಯಂತ್ರ ಕೆಟ್ಟಿರಬೇಕೆಂದು ಎಲ್ಲರೂ ಸುಮ್ಮನಾಗುವ ಸಂಭವವೇ ಹೆಚ್ಚು.

೭. ನಾಲ್ಕು ತಾಲೂಕುಗಳಲ್ಲಿ ಅಳತೆಯ ವಿನ್ಯಾಸ

ಪ್ರಕೃತ ಪ್ರದೇಶದಲ್ಲಿ ಅಳೆಯುವವರಿಗೆ ಮೊದಲು ಎದುರಾಗುವ ತೊಡಕೆಂದರೆ, ಬಹಿರಂಗ ದಾಖಲೆಗಳಲ್ಲಿ ಊರಿನ ಹೆಸರಿಲ್ಲದಿರುವುದು. ಊನಿಯ ದಾಖಲೆಯಲ್ಲಿ ದೇಶದ ಹೆಸರೂ ಸೇವಾದಾರನ ಜಾಲದ ಸಂಖ್ಯೆಯೂ ಇರುತ್ತವೆ. ಜೋಯಿಡಾದ ಮೊಬೈಲೂ ಬೀದರದ ಮೊಬೈಲೂ ಅಲ್ಲಿ ಒಂದೇ ಸಾಲಿಗೆ ಸೇರುತ್ತವೆ. ಅಳೆಯುವವನ ಗುರುತು ಬಯಲಾಗದಂತೆ ಕಾಪಾಡುವುದಕ್ಕೆ ಇದು ಅಗತ್ಯ. ಆದರೆ ತಾಲೂಕುವಾರಿಯ ತಿಳಿವಳಿಕೆ ಬೇಕಾದರೆ ಪ್ರತ್ಯೇಕವಾದ ದಫ್ತರವನ್ನು ಇಡಲೇಬೇಕಾಗುವುದು.

ಆ ದಫ್ತರದ ರಚನೆಗೆ ಒಂದು ಸಂಗತಿಯು ಆಧಾರವಾಗುತ್ತದೆ. ತಡೆಯ ಯಂತ್ರಗಳೂ ಹೆಸರಿನ ಕೋಶಗಳೂ ಸಾಮಾನ್ಯವಾಗಿ ಊರೂರಿನ ಟವರುಗಳಲ್ಲಿರದೆ ಸೇವಾದಾರನ ದೊಡ್ಡ ಕೇಂದ್ರಗಳಲ್ಲಿರುತ್ತವೆ. ಆದುದರಿಂದ ಆಜ್ಞೆಯಿಂದಾದ ತಡೆಯು ಸೇವಾದಾರನಿಂದ ಸೇವಾದಾರನಿಗೆ ಭೇದಿಸುವುದು, ಊರಿನಿಂದ ಊರಿಗೆ ಭೇದಿಸುವುದು ಅಪರೂಪ. ಮಳೆ, ವಿದ್ಯುತ್ತು, ತಂತಿಗಳ ದೋಷವಾದರೋ ಊರಿನಿಂದ ಊರಿಗೆ ಭೇದಿಸುವುದು, ಆದರೆ ತಾಣದಿಂದ ತಾಣಕ್ಕೆ ಭೇದಿಸುವುದಿಲ್ಲ. ಈ ಎರಡು ಭೇದಗಳನ್ನು ಅಡ್ಡಸಾಲು ಉದ್ದಸಾಲುಗಳಾಗಿ ಬರೆದರೆ ಕಾರಣವು ತಾನಾಗಿಯೇ ಹೊರಬೀಳುವುದು. ಉದಾಹರಣೆಗಾಗಿ ನಾಲ್ಕು ಸಂಭವಗಳನ್ನು ಹೇಳಬಹುದು.

ಹಳಿಯಾಳದಲ್ಲಿ ಒಬ್ಬ ಸೇವಾದಾರನ ಜಾಲದಲ್ಲಿ ಒಂದು ತಾಣ ಮಾತ್ರ ತೆರೆಯದೆ, ಅದೇ ಸೇವಾದಾರನ ಜಾಲದಲ್ಲಿ ಮುಂಡಗೋಡದಲ್ಲಿಯೂ ತೆರೆಯದೆ, ಮತ್ತೊಬ್ಬನ ಜಾಲದಲ್ಲಿ ಎರಡು ಕಡೆಗಳಲ್ಲಿಯೂ ತೆರೆದರೆ, ಅದು ಮೊದಲನೆಯ ಸೇವಾದಾರನು ಒಡ್ಡಿದ ತಡೆ ಎಂದು ಬಲವಾಗಿ ಊಹಿಸಬಹುದು. ಜೋಯಿಡಾದಲ್ಲಿ ಮಾತ್ರ, ಆ ತಾಣವೂ ಬೇರೆ ತಾಣಗಳೂ ಒಟ್ಟಿಗೆ ತೆರೆಯದಿದ್ದರೆ ಅದು ಜಾಲದ ದೋಷ. ಎಲ್ಲ ಊರುಗಳಲ್ಲಿಯೂ ಎಲ್ಲ ಸೇವಾದಾರರಲ್ಲಿಯೂ ತೆರೆಯದೆ, ವಿದೇಶದ ತುಲನಾಕೇಂದ್ರದಿಂದಲೂ ತೆರೆಯದಿದ್ದರೆ ಪತ್ರಿಕೆಯ ಯಂತ್ರವೇ ನಿಂತಿದೆ. ಎಲ್ಲ ಊರುಗಳಲ್ಲಿ ಎಲ್ಲರಲ್ಲಿಯೂ ತೆರೆಯದೆ ವಿದೇಶದಿಂದ ಮಾತ್ರ ತೆರೆದರೆ, ಎಲ್ಲ ಸೇವಾದಾರರ ತಡೆಯೂ ಇರಬಹುದು, ಅಥವಾ ತಾಣವೇ ಭಾರತದ ಓದುಗರನ್ನು ಒಲ್ಲೆನೆಂದಿರಬಹುದು; ಆಗ ಐದನೆಯ ಭಾಗದಲ್ಲಿ ಹೇಳಿದ ಪ್ರಮಾಣಪತ್ರದ ಮತ್ತು ಹೆಸರಿನ ಪರೀಕ್ಷೆಗಳಿಂದ ನಿರ್ಣಯಿಸಬೇಕು.

ಸ್ಥಳದ ವಿಶೇಷಗಳು ಕೆಲವನ್ನು ಗಮನದಲ್ಲಿಡಬೇಕು. ಜೋಯಿಡಾದ ಪಡುವಣ ಅಂಚಿನಲ್ಲಿ ಮೊಬೈಲು ಗೋವೆಯ ಕಡೆಯ ಟವರನ್ನು ಹಿಡಿಯಬಹುದು. ಆ ಟವರು ಮಹಾರಾಷ್ಟ್ರ ಗೋವಾ ವಲಯಕ್ಕೆ ಸೇರಿದುದಾದುದರಿಂದ ಅಂಥ ಫಲವನ್ನು ಕರ್ನಾಟಕ ವಲಯದ ಫಲದೊಡನೆ ಬೆರೆಸಬಾರದು. ಪೇಟೆಗಳ ಸಣ್ಣ ಕೇಬಲ್ ಸೇವಾದಾರರು ದೊಡ್ಡವರಿಂದ ಜಾಲವನ್ನು ಕೊಂಡು ಹಂಚುವಲ್ಲಿ, ಮೇಲಿನವನ ತಡೆಯು ಕೆಳಗಿನವನಿಗೂ ಬರುವುದರಿಂದ ಇಬ್ಬರನ್ನೂ ಸ್ವತಂತ್ರ ಸಾಕ್ಷಿಗಳೆಂದು ಎಣಿಸಬಾರದು. ಅಡವಿಯ ಗ್ರಾಮಗಳಲ್ಲಿ ಒಬ್ಬನೇ ಸೇವಾದಾರನಿರುವಲ್ಲಿ ಸ್ಥಳದಲ್ಲಿಯೇ ತುಲನೆಯು ಅಸಾಧ್ಯ. ಅದೇ ಸೇವಾದಾರನ ಜಾಲವನ್ನು ದಾಂಡೇಲಿಯಲ್ಲಿ ಅದೇ ಗಂಟೆಗೆ ಪರೀಕ್ಷಿಸಿ ತಾಳೆ ನೋಡಬೇಕು. ಇಂಥ ಗ್ರಾಮದವನಿಗೆ ತಡೆಯ ಭಾರವೂ ಹೆಚ್ಚೆಂಬುದು ಸ್ಪಷ್ಟ. ಪೇಟೆಯವನು ಎರಡನೆಯ ಸಿಮ್ಮಿನಲ್ಲಿ ನೋಡಿಯಾನು. ಅವನಿಗೆ ಎರಡನೆಯ ದಾರಿಯಿಲ್ಲ.

ಯಾವ ತಾಣಗಳನ್ನು ಪರೀಕ್ಷಿಸಬೇಕೆಂಬುದೂ ಮುಖ್ಯವಾದ ಪ್ರಶ್ನೆ. ಕೆನಡಾದ ಸಿಟಿಜನ್ ಲ್ಯಾಬ್ ಸಂಸ್ಥೆಯು ನಡೆಸುವ ಪರೀಕ್ಷಾಪಟ್ಟಿಗಳು ದೇಶವಾರಿಯಾಗಿ ಏರ್ಪಟ್ಟಿವೆ. ಪಟ್ಟಿಯಲ್ಲಿ ಇಲ್ಲದ ತಾಣವನ್ನು ಸಾಧನವು ತಾನಾಗಿ ಅಳೆಯದು. ಅಳೆಯದ ತಾಣದ ತಡೆಯು ದಾಖಲೆಗೂ ಬಾರದು. ಈ ಸೀಮೆಯಲ್ಲಿ ಕನ್ನಡದೊಡನೆ ಕೊಂಕಣಿ, ಮರಾಠಿ, ಉರ್ದು ಭಾಷೆಗಳೂ, ಮುಂಡಗೋಡದ ವಸತಿಯಲ್ಲಿ ಟಿಬೆಟನ್ ಭಾಷೆಯೂ ಬಳಕೆಯಲ್ಲಿವೆ. ಆಯಾ ಭಾಷೆಗಳಲ್ಲಿ ಇಲ್ಲಿಯ ಜನರು ನಿಜವಾಗಿ ಓದುವ ಪತ್ರಿಕೆಗಳ ತಾಣಗಳನ್ನು ಸ್ಥಳದವರೇ ವಿಚಾರಿಸಿ ಪಟ್ಟಿಗೆ ಸೇರಿಸದಿದ್ದರೆ ಅಳತೆಯು ಇಂಗ್ಲಿಷು ಓದುವವರ ಅಳತೆಯಾಗಿ ಉಳಿಯುವುದು. ಪಟ್ಟಿಯೊಡನೆ, ತಡೆಯ ಸಂಭವವೇ ಇಲ್ಲದ ಕೆಲವು ತಾಣಗಳನ್ನೂ ಒರೆಗಲ್ಲಾಗಿ ಇರಿಸಬೇಕು.

ಒಂದು ಬಾರಿಯ ಪರೀಕ್ಷೆಯಿಂದ ಯಾವ ತೀರ್ಮಾನಕ್ಕೂ ಬರಕೂಡದು. ದಿನಕ್ಕೆ ಮೂರು ಹೊತ್ತಿನಂತೆ ಒಂದು ವಾರವಾದರೂ ನಡೆಯಿಸಿ, ಪ್ರತಿಸಲವೂ ದಿನಾಂಕ, ಗಂಟೆ, ಊರು, ಸೇವಾದಾರ, ಮೊಬೈಲೋ ತಂತಿಯೋ ಎಂಬುದು, ಬಳಸಿದ ಹೆಸರಿನ ಕೋಶ, ಕಂಡ ದೋಷದ ವಾಕ್ಯ ಇವುಗಳನ್ನು ಇದ್ದಂತೆಯೇ ಬರೆದಿಡಬೇಕು. ವಿಪಿಎನ್ ಎಂಬ ಸುರಂಗಮಾರ್ಗವನ್ನಾಗಲಿ ಗುಪ್ತ ಡಿಎನ್‌ಎಸ್ ಅನ್ನಾಗಲಿ ಬಳಸುತ್ತಿರುವ ಮೊಬೈಲಿನಲ್ಲಿ ಅಳೆದರೆ ಸೇವಾದಾರನ ಸ್ವಭಾವವು ತಿಳಿಯುವುದಿಲ್ಲ. ಅವುಗಳನ್ನು ಮೊದಲು ನಿಲ್ಲಿಸಬೇಕು.

೮. ಅಳತೆಯ ಮೇರೆ

ಅಳತೆಯಿಂದ ತಿಳಿಯುವುದಕ್ಕೆ ಒಂದು ಮೇರೆಯುಂಟು. ಇಂಥ ದಿನ, ಇಂಥ ಜಾಲದಲ್ಲಿ, ಇಂಥ ತಾಣವನ್ನು, ಇಂಥ ಬಗೆಯಿಂದ ತಡೆದಿದ್ದರೆಂಬುದನ್ನು ಅದು ಸಿದ್ಧಪಡಿಸಬಲ್ಲದು. ತಡೆದುದು ಮಂತ್ರಾಲಯದ ಆಜ್ಞೆಯಿಂದಲೋ, ನ್ಯಾಯಾಲಯದ ಆಜ್ಞೆಯಿಂದಲೋ, ಸೇವಾದಾರನ ಸ್ವಂತ ತಪ್ಪಿನಿಂದಲೋ ಎಂಬುದನ್ನು ಅಳತೆ ಹೇಳಲಾರದು. ತಡೆಯು ನ್ಯಾಯವೋ ಅನ್ಯಾಯವೋ ಎಂಬುದನ್ನಂತೂ ಹೇಳಲಾರದು. ಯುದ್ಧಕಾಲದಲ್ಲಿಯೂ ಗಲಭೆಯ ಕಾಲದಲ್ಲಿಯೂ ಕೆಲವು ತಡೆಗಳಿಗೆ ಸಕಾರಣಗಳು ಇರಬಹುದು. ಕಾರಣಗಳನ್ನು ತೂಗುವುದು ನ್ಯಾಯಾಲಯದ ಕೆಲಸ. ಆದರೆ ತಡೆಯಾಗಿದೆ ಎಂಬುದೇ ತಿಳಿಯದಿದ್ದರೆ ತೂಗುವ ಪ್ರಸಂಗವೇ ಒದಗದು.

ಅಳೆಯುವವರ ಕ್ಷೇಮವನ್ನೂ ಮರೆಯಬಾರದು. ಪರೀಕ್ಷೆಯೆಂದರೆ ಆಕ್ಷೇಪಕ್ಕೆ ಒಳಗಾದ ತಾಣಗಳನ್ನು ಒಂದು ಮೊಬೈಲಿನಿಂದ ಪುನಃ ಪುನಃ ಕೇಳುವುದು. ಸೇವಾದಾರನಿಗೆ ಅದು ಕಾಣುವುದು. ಆದುದರಿಂದ ಮೊಬೈಲಿನ ಒಡೆಯನಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆಯನ್ನು ಪಡೆದು, ವಾರ್ತಾತಾಣಗಳಿಗಷ್ಟೇ ಪಟ್ಟಿಯನ್ನು ಮಿತಗೊಳಿಸಿ ಕೆಲಸವನ್ನು ನಡೆಯಿಸಬೇಕು. ಶಾಲೆಯ ಮಕ್ಕಳ ಮೊಬೈಲುಗಳನ್ನೂ, ವಿದೇಶೀಯರೆಂದು ನೋಂದಾಯಿಸಿಕೊಂಡು ವಾಸಿಸುವವರ ಮೊಬೈಲುಗಳನ್ನೂ ಇದಕ್ಕೆ ಬಳಸದಿರುವುದು ಲೇಸು.

ಹಿಂದೆ ಗ್ಯಾಜೆಟ್ಟನ್ನು ತೆರೆದು ನೋಡಿದರೆ ಯಾವ ಪತ್ರಿಕೆಯು ಜಪ್ತಾಯಿತು, ಏಕೆ ಜಪ್ತಾಯಿತು ಎಂಬುದು ತಿಳಿಯುತ್ತಿತ್ತು. ಆ ಸಂಚಿಕೆಗಳಿಂದಲೇ ಇಂದಿನ ಇತಿಹಾಸಕಾರರು ಆ ಕಾಲದ ಮುದ್ರಣ ನಿರ್ಬಂಧಗಳ ಚರಿತ್ರೆಯನ್ನು ಬರೆಯುತ್ತಾರೆ. ಜಾಲತಾಣದ ತಡೆಯು ಬರುವಾಗಲೂ ಹೋಗುವಾಗಲೂ ಗುರುತನ್ನು ಉಳಿಸುವುದಿಲ್ಲ. ಅಂದೇ ಅಳೆಯದಿದ್ದರೆ ಮರುದಿನ ಅದನ್ನು ಅಳೆಯಲು ಯಾವ ಉಪಾಯವೂ ಇಲ್ಲ. ನಾಲ್ಕು ತಾಲೂಕುಗಳಲ್ಲಿ ತಲಾ ಇಬ್ಬರು ಮೂವರು, ಬೇರೆ ಬೇರೆ ಸೇವಾದಾರರ ಮೊಬೈಲುಗಳಿಂದ ನಿಯತವಾಗಿ ಬರೆದಿಡುವ ಸಾಲುಗಳು, ಆಜ್ಞೆಯು ಪ್ರಕಟವಾಗದ ಕಾಲದಲ್ಲಿ ಗ್ಯಾಜೆಟ್ಟಿನ ಸ್ಥಾನವನ್ನು ಸ್ವಲ್ಪಮಟ್ಟಿಗಾದರೂ ತುಂಬಬಲ್ಲುವು.